ಮುಳ್ಳಿನ ಬೆಂಕಿ

ಕ್ರಿಸ್‌ಮಸ್ ಮುನ್ನಾದಿನ ಸಂಜೆ ನಾವು ಅಂಗಳದಲ್ಲಿ ಒಣಮುಳ್ಳು ಒಟ್ಟಿ ಸುಡುತ್ತೇವೆ. ಎಲ್ಲ ಸುಟ್ಟು ಬೂದಿಯಾದರೆ ಮನೆಗೆ ವರ್ಷವಿಡೀ ಒಳ್ಳೆಯದು, ಕಡ್ಡಿ ಉಳಿದರೆ ಕೇಡು. ನಕ್ಷತ್ರ ನೋಡಿ ರಾಜರಿಗೆ ಭವಿಷ್ಯ ಹೇಳಿದ ಕಲ್ದೀಯರ ವಂಶವಂತೆ ನಮ್ಮದು! ಈಗ ನಮಗೆ ಮುಳ್ಳೇ ಗತಿ.

ಬಂದೂಕಿನವರಿಗೆ ಹೆದರಿ ಓಡಿಹೋಗಿ, ಮೂರು ವರ್ಷ ನಿರಾಶ್ರಿತರ ಶಿಬಿರದ ತಗಡಿನ ಗೂಡಿನಲ್ಲಿ ಕಳೆದು, ಇರಾಕಿನ ನಮ್ಮೂರು ಕರಮ್ಲೇಶಿಗೆ ಮರಳಿದ ಮೇಲಿನ ಮೊದಲ ಹಬ್ಬ ಅದು. ಬೆಳಗ್ಗೆ ಬಂದ ಹಾಳು ಮಳೆಗೆ ಮುಳ್ಳೆಲ್ಲ ತೊಯ್ದಿತ್ತು. ಅತ್ತೆ ಶಮ್ಮೆ ಒಳಗೆ ಮೇಣದಬತ್ತಿ ತರಲು ಹೋದಾಗ ಅರ್ಧ ಕ್ಯಾನು ಸೀಮೆಎಣ್ಣೆ ಸುರಿದುಬಿಟ್ಟೆ.

ಅವರು ಬಂದು ಹಚ್ಚಿದೊಡನೆ ಬೆಂಕಿ ಭಗ್ಗೆಂದಿತು. ಅತ್ತೆ ಮೂಗರಳಿಸಿದರು.

"ಏನೇ, ದೇವರಿಗೇ ಟೋಪಿ ಹಾಕ್ತೀಯಾ?"

"ಒಂದು ಕಡ್ಡಿ ಉಳಿದ್ರೂ ಮತ್ತೆ ಊರು ಬಿಡ್ಬೇಕಾಗುತ್ತೇನೋ ಅಂತ ಭಯ ಆಯ್ತು ಅತ್ತೆ."

ಕೊನೆಗೆ ಒಂದು ಕಡ್ಡಿಯೂ ಉಳಿಯಲಿಲ್ಲ. ವಾಡಿಕೆಯಂತೆ ಬೂದಿಯನ್ನು ಮೂರು ಸಲ ಹಾರಿ ದಾಟಲು ನಾನು ಲಂಗ ಎತ್ತಿಕೊಂಡೆ. ಅತ್ತೆ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು.

"ಊರು ಬಿಡೋಕೆ ಮುಂಚಿನ ಹಬ್ಬದಲ್ಲೂ ಹೀಗೇ ಪೂರ್ತಿ ಬೂದಿ ಆಗಿತ್ತು ಕಣೇ," ಎಂದರು. "ಅವತ್ತು ಎಣ್ಣೆ ಸುರಿದೋಳು ನಾನು."