ಹಗ್ಗದ ಮನೆಯ ಗಂಟು

ಬೆಳಗ್ಗೆ ಏಳು ಗಂಟೆ. ನಾರಿನ ಕಂತೆ ಎತ್ತಲು ಹೋದ ಹಗ್ಗದ ಮನೆಯ ಸೊಸೆಗೆ ಹಾವು ಕಚ್ಚಿತು, ಬಲಗಾಲಿನ ಪಾದಕ್ಕೆ.

ಆ ಮನೆಯಲ್ಲಿ ಮಾವ ಕೂತು ರಾಟೆ ತಿರುಗಿಸಿದರೆ, ಸೊಸೆ ನಾರು ಹಿಡಿದು ಹಿಂದೆ ಹಿಂದೆ ನಡೆದು ಹಗ್ಗ ಬೆಳೆಸುತ್ತಿದ್ದಳು. ಮಾವ ಬಿಗಿದ ಗಂಟು ಬಿಚ್ಚಲು ಕುಡುಗೋಲೇ ಬೇಕೆಂದು ಊರಲ್ಲಿ ಮಾತಿತ್ತು. ಅವನು ಗಾಬರಿಯಾಗಲಿಲ್ಲ. ಹೊಸ ಹಗ್ಗವನ್ನು ಸೊಸೆಯ ಮೊಣಕಾಲಿನ ಕೆಳಗೆ ಸುತ್ತಿ, ಕೋಲು ತೂರಿಸಿ ತಿರುಚಿದ.

ಹಾವು ಕಚ್ಚಿದರೆ ಕಟ್ಟು ಹಾಕಬೇಡಿ ಎಂದು ನರ್ಸಮ್ಮ ಹಿಂದಿನ ತಿಂಗಳಷ್ಟೇ ಮಹಿಳಾ ಸಂಘದಲ್ಲಿ ಹೇಳಿದ್ದಳು. ನರ್ಸಮ್ಮ ಸೂಜಿ ನೋಡಿಕೊಳ್ಳಲಿ, ಗಂಟು ನಮಗೆ ಬಿಡಲಿ ಎಂದು ಇವನು ಜಗಲಿಯಿಂದಲೇ ಎಲ್ಲರನ್ನೂ ನಗಿಸಿದ್ದ.

"ಮಾವ, ಸ್ವಲ್ಪ ಸಡಿಲ ಮಾಡಿ. ಕಾಲು ಸಿಡಿದು ಹೋಗ್ತಿದೆ."

"ನೋಯ್ತಿದೆ ಅಂದ್ರೆ ಗಂಟು ಕೆಲಸ ಮಾಡ್ತಿದೆ. ವಿಷ ಅಲ್ಲೇ ನಿಂತಿದೆ, ಸುಮ್ನಿರಮ್ಮ."

ವಿಷ ನಿಂತಿದೆ ಎಂಬ ಧೈರ್ಯ ಬಂದದ್ದೇ ಅವಸರ ಹೋಯಿತು. ಸಂತೆಗೆ ಹೋದ ಮಗ ಬರಲಿ, ಆಮೇಲೆ ಆಸ್ಪತ್ರೆ ನೋಡೋಣ ಎಂದು ಕೂತ. ಪಕ್ಕದ ಮನೆಯ ದರ್ಜಿಯ ಹೆಂಡತಿ ತಡೆಯಲಾರದೆ ನರ್ಸಮ್ಮನನ್ನು ಕರೆತರುವಾಗ ಹೊತ್ತು ನೆತ್ತಿಗೇರಿತ್ತು. ಹಗ್ಗದ ಕೆಳಗೆ ಕಾಲು ತಣ್ಣಗಾಗಿ ಕಪ್ಪಿಟ್ಟಿತ್ತು. ಸೊಸೆಯ ರೆಪ್ಪೆ ಜೋತುಬಿದ್ದು ಮಾತು ತೊದಲುತ್ತಿತ್ತು.

ಮಾವ ಗಂಟಿಗೆ ಕೈ ಹಾಕಿದ. ನರ್ಸಮ್ಮ ತಡೆದಳು.

"ಇಲ್ಲಿ ಬಿಚ್ಚಬೇಡಿ ಅಜ್ಜ. ಕೆಳಗೆ ಉಳಿದಿರೋ ವಿಷ ಒಟ್ಟಿಗೆ ನುಗ್ಗುತ್ತೆ. ಡಾಕ್ಟರ ಎದುರೇ ಬಿಚ್ಚಬೇಕು."

"ಅಂದ್ರೆ ವಿಷ ನಿಂತಿದೆ ತಾನೆ?"

"ಪೂರ್ತಿ ನಿಂತಿದ್ರೆ ಇವಳ ರೆಪ್ಪೆ ಯಾಕೆ ಬೀಳ್ತಿತ್ತು? ನಿಂತಿರೋದು ರಕ್ತ."

ಆಸ್ಪತ್ರೆಯಲ್ಲಿ ಮದ್ದಿತ್ತು, ಜೀವ ಉಳಿಯಿತು. ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಕಾಲು ಉಳಿಸೋಕೆ ಏನೂ ಮಾಡೋಕಾಗ್ತಿರಲಿಲ್ವಾ ಎಂದು ಮಾವ ಕೇಳಿದ್ದಕ್ಕೆ ಡಾಕ್ಟರು ಮಾತು ತೇಲಿಸಲಿಲ್ಲ.

"ವಿಷಕ್ಕೆ ಔಷಧಿ ಇದೆ. ರಕ್ತ ಹರಿಯದೆ ಸತ್ತ ಕಾಲಿಗೆ ಇಲ್ಲ."

ಮುಂದಿನ ಸುಗ್ಗಿಯಲ್ಲಿ ದರ್ಜಿಗೇ ಹಾವು ಕಚ್ಚಿತು, ಅಂಗೈ ಪಕ್ಕಕ್ಕೆ. ಜನ ಹಗ್ಗಕ್ಕೆಂದು ಓಡಿ ಬಂದರು. ಮುದುಕ ಕೊಡಲಿಲ್ಲ. ತಾನೇ ಹೋಗಿ, ಬೆರಳು ಊದುವ ಮೊದಲೇ ದರ್ಜಿಯ ಉಂಗುರ ತೆಗೆಸಿದ, ಕೈ ಅಲುಗಾಡದಂತೆ ಹಲಗೆ ಕೊಟ್ಟು ಬಟ್ಟೆಯನ್ನು ಸಡಿಲವಾಗಿ ಸುತ್ತಿದ. ಗಾಯ ಕೊಯ್ಯಲು ಬ್ಲೇಡು ತಂದವನನ್ನು ಬೈದು ಅಟ್ಟಿದ. ಆಂಬುಲೆನ್ಸ್ ಬಂದಾಗ ತಾನೂ ಹತ್ತಿ ಕೂತ. ದರ್ಜಿ ಇಂದು ಎರಡೂ ಕೈಯಲ್ಲಿ ಹೊಲಿಯುತ್ತಿದ್ದಾನೆ.

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಹಾವು ಕಚ್ಚಿದರೆ ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಯಾರಿಗಾಗಿಯೂ ಕಾಯದೆ ಆಸ್ಪತ್ರೆಗೆ ಹೊರಡಿ. ವಿಷಕ್ಕೆ ಮದ್ದು ಯಾವ ಆಸ್ಪತ್ರೆಯಲ್ಲಿದೆ ಎಂದು ಇಂದೇ ವಿಚಾರಿಸಿ. ಹತ್ತಿರದಲ್ಲಿ ಇಲ್ಲವಾದರೆ ತರಿಸಿಡಿ ಎಂದು ಊರವರೆಲ್ಲ ಸೇರಿ ಕೇಳಿ.

ಹಗ್ಗದ ಮನೆಯಲ್ಲಿ ಈಗ ಸೊಸೆ ಕೂತು ರಾಟೆ ತಿರುಗಿಸುತ್ತಾಳೆ. ಹಿಂದೆ ಹಿಂದೆ ನಡೆಯುವವನು ಮಾವ.