ಅರ್ಧ ಬಾಗಿಲ ಚಿಕ್ಕಮ್ಮ

"ಯಾವ ಎಣ್ಣೆ ಅದು?"

ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸು ಕೇಳಿದಾಗ ನನಗೆ ಮೊದಲು ಅರ್ಥವೇ ಆಗಲಿಲ್ಲ. ರಸ್ತೆಯಾಚೆ, ನಮ್ಮ ಕಟ್ಟಡದ ಗೋಡೆಗೆ ನಾನು ಆಗಷ್ಟೇ ಅಂಟಿಸಿ ಬಂದಿದ್ದ ಪೋಸ್ಟರಿನತ್ತ ಅವಳು ಕೈ ತೋರಿಸುತ್ತಿದ್ದಳು.

"ಎಣ್ಣೆ ಅಲ್ಲ ಮೇಡಂ, ದೆವ್ವ" ಎಂದೆ.

"ದೆವ್ವಾನಾ? ಹಾಗಾದ್ರೆ ಅದು ಹಚ್ಕೊಳ್ಳೋ ಎಣ್ಣೆ ಯಾವ್ದು? ಎಂಥಾ ಕೂದ್ಲಪ್ಪ!"

ಬಸ್ಸು ಬಂತು, ಅವಳು ಹತ್ತಿದಳು, ನಾನು ಇಳಿದುಹೋದೆ, ಪಾತಾಳಕ್ಕೆ.

ಪೋಸ್ಟರು ಮಾಡುವವರಲ್ಲಿ ಒಂದು ಪದ್ಧತಿಯಿದೆ. ಮಾಡಿದ್ದನ್ನು ಗೋಡೆಗೆ ಅಂಟಿಸಿ, ರಸ್ತೆ ದಾಟಿ ನಿಂತು, ಕಣ್ಣು ಅರ್ಧ ಮುಚ್ಚಿ ನೋಡಬೇಕು. ಬಸ್ಸಿನಲ್ಲಿ ಕೂತವನಿಗೆ ಅದು ಕಾಣುವುದು ಮೂರೇ ಸೆಕೆಂಡು. ಅಷ್ಟರೊಳಗೆ ಅವನ ಎದೆ ಝಲ್ಲೆನ್ನಬೇಕು. ನಾನೋ ಎರಡು ದಿನ ಕಂಪ್ಯೂಟರಿಗೆ ಮೂಗು ತಾಗಿಸಿ ಕೂತು, ಮುಖದ ಮೇಲೆ ಇಳಿಬಿದ್ದ ಕೂದಲನ್ನು ಎಳೆ ಎಳೆಯಾಗಿ ಹೊಳೆಯಿಸಿದ್ದೆ. ಅಕ್ಷರಶಃ ಕೂದಲು ಸೀಳುವ ಕೆಲಸ. ರಸ್ತೆಯಾಚೆಯಿಂದ ನೋಡಿದರೆ ದೆವ್ವವೆಲ್ಲ ಮಾಯ, ಉಳಿದದ್ದು ಕೇಶರಾಶಿ.

ಆ ಕೂದಲು ನನ್ನ ಚಿಕ್ಕಮ್ಮನದು. ನಾನಿರುವುದು ಅವಳ ಮನೆಯಲ್ಲೇ, ಹಾಗಾಗಿ ದೆವ್ವವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ.

ಗಂಟೆ ಹನ್ನೊಂದೂವರೆ. ನಾಲ್ಕು ವರ್ಷ ಬೇರೆಯವರ ಪೋಸ್ಟರುಗಳ ಅಡಿಯಲ್ಲಿ ಚಿಕ್ಕಕ್ಷರ ಜೋಡಿಸಿದ ಮೇಲೆ, ಪೂರ್ತಿಯಾಗಿ ನನ್ನದೇ ಆಗಿ ಸಿಕ್ಕ ಮೊದಲ ಪೋಸ್ಟರು 'ಮೂರನೇ ಬಾಗಿಲು' ಎಂಬ ಈ ದೆವ್ವದ ಸಿನಿಮಾದ್ದು. ನಿರ್ದೇಶಕರು ಎರಡು ಸಲ ತಿರಸ್ಕರಿಸಿದ್ದರು. ಮೂರು ಗಂಟೆಗೆ ಕೊನೆಯ ಸಲ ನೋಡಲು ಬರುವವರಿದ್ದರು. ಒಪ್ಪದಿದ್ದರೆ ನಾಲ್ಕಕ್ಕೆ ಅಚ್ಚಿಗೆ ಹೋಗುವುದು ನಮ್ಮ ಆಫೀಸಿನ ಯಜಮಾನರು ಸದಾ ಸಿದ್ಧವಾಗಿ ಇಟ್ಟಿರುವ ತಲೆಬುರುಡೆಯ ಚಿತ್ರ. ಅದು ಈಗಾಗಲೇ ಮೂರು ಸಿನಿಮಾಗಳ ಪೋಸ್ಟರಿನಲ್ಲಿ ಸತ್ತಿತ್ತು. ಆ ಬುರುಡೆಯನ್ನು ಈಗ ಯಾರು ನಂಬುತ್ತಾರೆ?

ಮೆಟ್ಟಿಲು ಎರಡೆರಡಾಗಿ ಹತ್ತಿ ಮನೆಗೆ ಓಡಿದೆ.

"ಚಿಕ್ಕಮ್ಮಾ, ಕೂದ್ಲು ಕಟ್ಕೋ! ಈಗ ಬರೀ ಮುಖ. ಹೆದರ್ಸು ನನ್ನ!"

ಅವಳು ಹುಬ್ಬು ಗಂಟಿಕ್ಕಿ, ಕಣ್ಣು ಮೇಲೆತ್ತಿ, ಬಾಯಿ ತೆರೆದಳು.

"ಹಲ್ಲುನೋವಾ?"

"ರಾಕ್ಷಸಿ ಕಣೋ ಅದು!"

"ರಾಕ್ಷಸಿಗೆ ಹಲ್ಲುನೋವು."

ಅವಳು ನಗತೊಡಗಿದರೆ ನಿಲ್ಲುವುದಿಲ್ಲ. ದೆವ್ವ ಸೋಫಾದ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡಿತು. ಬೆಳಕಾದರೂ ಸರಿ ಮಾಡೋಣವೆಂದು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊರಗಿನ ಕಾರಿಡಾರಿಗೆ ಬಂದೆ. ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಬಡಿದೆ. ಸುಮ್ಮನೆ ಬಡಿಯಲಾರದ ಹಾಳು ನಾಲಿಗೆ ನನ್ನದು; ಮೇಲಿನ ಮನೆಯಾಕೆಯ ಎಳೆದೆಳೆದು ಆಡುವ ಮೂಗುದನಿ ತೆಗೆದೆ. ಐದು ನಿಮಿಷಕ್ಕೆಂದು ಬಂದು ಎರಡು ಗಂಟೆ ಕೂರುವ ಮಹಾತಾಯಿ ಆಕೆ.

"ಇದೀರೇನ್ರೀಈಈ? ಐದೇ ನಿಮ್ಷಾಆಆ..."

ಒಳಗಿನ ನಗು ಕತ್ತರಿಸಿದಂತೆ ನಿಂತಿತು. ಬಾಗಿಲು ಒಂದು ಗೇಣು ತೆರೆಯಿತು. ಒಳಗೆ ಕತ್ತಲು, ಆ ಸಂದಿನಲ್ಲಿ ಅರ್ಧ ಚಿಕ್ಕಮ್ಮ. ಒಂದು ಕಣ್ಣು, ಅರ್ಧ ತುಟಿ. ತುಟಿ ಕಿವಿಯವರೆಗೆ ನಗುತ್ತಿತ್ತು. ಕಣ್ಣು ಮಾತ್ರ ಇದ್ದಲ್ಲೇ ಇತ್ತು.

"ಅಯ್ಯೋ... ಬನ್ನಿ, ಬನ್ನಿ. ಒಳಗ್ ಬನ್ನಿ."

ನನ್ನ ಬೆನ್ನಹುರಿಯಲ್ಲಿ ಇರುವೆ ಹರಿದವು. ಬೆರಳು ನಡುಗುತ್ತಲೇ ಗುಂಡಿ ಒತ್ತಿತು.

"ನೀನೇನೋ, ಕತ್ತೆ!" ಎಂದು ಅವಳು ಬಾಗಿಲನ್ನು ಪೂರ್ತಿ ತೆರೆದು ನನ್ನ ತಲೆಗೆ ಮೊಟಕಿದಳು.

"ಚಿಕ್ಕಮ್ಮಾ, ಅದೇ! ಅದೇ ಮುಖ! ಇನ್ನೊಂದ್ಸಲ! ಕೈ ನಡುಗಿ ಹಾಳಾಗಿದೆ!"

"ಈಗ ನೀನೇ ಅಂತ ಗೊತ್ತಲ್ಲೋ. ಆ ಮುಖ ಎಲ್ಲಿಂದ ತರ್ಲಿ?"

ಹೌದಲ್ಲ. ಬಾಗಿಲು ಮುಚ್ಚಿಸಿ, ಮತ್ತೆ ಅದೇ ದನಿಯಲ್ಲಿ ಕೂಗಿದೆ. ಬಾಗಿಲ ಸಂದಿನಲ್ಲಿ ಕಿಸಕಿಸ ನಗು. ಇನ್ನೊಮ್ಮೆ. ಮತ್ತೆ ಕಿಸಕಿಸ. ನಾಲ್ಕನೆಯ ಸಲ ಗಂಟಲು ಸರಿಮಾಡಿಕೊಂಡು, ಇದ್ದಬದ್ದ ವಿದ್ಯೆಯನ್ನೆಲ್ಲ ಮೂಗಿಗೆ ತಂದೆ: "ನಮ್ ನಾದ್ನಿನೂ ಬಂದಿದಾರ್ರೀಈಈ... ನಿಮ್ ಮನೆ ನೋಡ್ಬೇಕಂತೇಏಏ... ಊಟಾನೂ ಇಲ್ಲೇ ಅಂದ್ರೂಊಊ..."

ಸುಳ್ಳೆಂದು ಚಿಕ್ಕಮ್ಮನಿಗೆ ಗೊತ್ತಿದ್ದರೂ ಅವಳ ದೇಹಕ್ಕೆ ಗೊತ್ತಾಗಲಿಲ್ಲ. ಗೇಣು ಬಾಗಿಲು, ಅದೇ ಕಣ್ಣು, ಮೊದಲಿಗಿಂತ ಅಗಲವಾದ ನಗು. ಈ ಸಲ ಕ್ಯಾಮೆರಾವನ್ನು ಗೋಡೆಗೆ ಒತ್ತಿ ಹಿಡಿದಿದ್ದೆ.

ಆಮೇಲಿನದು ಕೆಲಸವೇ ಅಲ್ಲ, ಹಬ್ಬ. ನೀಲಿ ಬೆಳಕು ತೆಗೆದೆ, ಹೊಗೆ ತೆಗೆದೆ, ರಕ್ತದ ಹನಿಗಳನ್ನು ಒರೆಸಿದೆ. ಹಾಳೆಯ ತುಂಬ ಕಪ್ಪು. ನಡುವೆ ಬೆಳಕಿನ ಒಂದು ಪಟ್ಟಿ. ಅದರಲ್ಲಿ ಅರ್ಧ ಮುಖ. ಚಿಕ್ಕಮ್ಮ ಹಿಂದೆ ನಿಂತು, "ನನ್ನ ಬಲಗೆನ್ನೆ ಚೆನ್ನಾಗಿದೆ ಕಣೋ, ಅದನ್ಯಾಕೆ ಬಿಟ್ಟೆ?" ಎಂದು ಗೊಣಗುತ್ತಲೇ ಇದ್ದಳು. ಎರಡೂ ಮುಕ್ಕಾಲಿಗೆ ಪ್ರಿಂಟು ಗೋಡೆಯ ಮೇಲಿತ್ತು.

ನಿರ್ದೇಶಕರ ಕೈ ಹಿಡಿದು ರಸ್ತೆ ದಾಟಿಸಿದೆ. "ಈಗ ತಿರುಗಿ ಸಾರ್."

ತಿರುಗಿದರು. ಒಂದು, ಎರಡು, ಮೂರು. ಅವರ ಬಲಗಾಲು ತನ್ನಷ್ಟಕ್ಕೆ ಒಂದು ಹೆಜ್ಜೆ ಹಿಂದಕ್ಕೆ ಹೋಯಿತು.

"ಅವ್ಳು ಯಾರನ್ನ ಕರೀತಿದಾಳೆ?"

"ನಿಮ್ಮನ್ನೇ ಸಾರ್."

"ನಾನ್ ಹೋಗಲ್ಲಪ್ಪ." ಜೇಬಿನಿಂದ ಫೋನು ತೆಗೆದು, ಕಣ್ಣನ್ನು ಆ ಗೋಡೆಯಿಂದ ಕೀಳದೆಯೇ ಹೇಳಿದರು: "ಪ್ರೆಸ್ಸಾ? ಬುರುಡೆ ನಿಲ್ಸಿ. ಹುಡುಗ ಬರ್ತಿದಾನೆ."

ಚಿಕ್ಕಮ್ಮನೂ ನನ್ನ ಜೊತೆ ಪ್ರೆಸ್ಸಿಗೆ ಬಂದಳು. ಯಂತ್ರ ದಡದಡನೆ ಅವಳನ್ನು ನೂರಾರು ಸಲ ಉಗುಳಿತು. ಹಸಿ ಶಾಯಿಯ ಹಾಳೆಗಳನ್ನು ಮುಖ ಮೇಲಾಗಿ ಒಣಗಿಸುವುದು ಪ್ರೆಸ್ಸಿನವರಿಗೆಲ್ಲ ಗೊತ್ತಿರುವ ವಿಷಯ. ಮೂವತ್ತು ವರ್ಷದಿಂದ ಅಲ್ಲಿರುವ ಯಂತ್ರದವರು ಅಷ್ಟನ್ನೂ ಹಾಗೆಯೇ ಪೇರಿಸಿದರು. ಆಮೇಲೆ ಕೈ ಒರೆಸಿಕೊಂಡು, ಆಚೀಚೆ ನೋಡಿ, ಎಲ್ಲಕ್ಕಿಂತ ಮೇಲಿನ ಹಾಳೆಯೊಂದನ್ನು ಮಾತ್ರ ಮೆಲ್ಲಗೆ ಬೋರಲು ಹಾಕಿದರು.

"ಯಾಕಣ್ಣಾ?" ಎಂದೆ, ಕುಣಿದಾಡುವ ಕಾಲನ್ನು ಹತ್ತಿಕ್ಕಿಕೊಂಡು.

"ಧೂಳು ಕೂರುತ್ತೆ" ಎಂದವರು ಶಾಯಿಯ ಡಬ್ಬಿ ಕೈಗೆತ್ತಿಕೊಂಡು ತಲೆಯೆತ್ತಿದರು. ಬಾಗಿಲ ಬಳಿ ನಿಂತಿದ್ದ ಚಿಕ್ಕಮ್ಮನನ್ನು ಆಗಷ್ಟೇ ನೋಡಿದರು.

ಅವಳು ಸುಮ್ಮನೆ ಮರ್ಯಾದೆಗೆಂದು ನಕ್ಕಳು, ಅಷ್ಟೇ. ಯಂತ್ರದವರ ಕೈಯಲ್ಲಿದ್ದ ಶಾಯಿಯ ಡಬ್ಬಿ ಮಾತ್ರ ನೆಲದ ಮೇಲಿತ್ತು.