ಅಂಚಿನ ಗೆರೆ

ಹಿತ್ತಿಲ ನಲ್ಲಿಯ ಕೆಳಗೆ ಅಕ್ಕ ರಸ್ತೆಗೆ ಅಡ್ಡ ಇಡುವ ಕಿತ್ತಳೆ ಬಣ್ಣದ ಕೋನ್‌ಗಳನ್ನು ಒಂದೊಂದಾಗಿ ತೊಳೆಯುತ್ತಿದ್ದಳು. ತಮ್ಮ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಅವನ್ನು ಒರೆಸಿಡುತ್ತಿದ್ದ. ಕೊನೆಯ ಕೋನ್ ಅಪ್ಪಚ್ಚಿಯಾಗಿತ್ತು. ಮೈಮೇಲೆ ಟಯರಿನ ಕಪ್ಪು ಅಚ್ಚು. ಎಷ್ಟು ಉಜ್ಜಿದರೂ ಹೋಗಲಿಲ್ಲ.

“ಬಿಡಕ್ಕ, ಅದರ ಕಥೆ ಮುಗೀತು,” ಎಂದ ತಮ್ಮ.

ರಸ್ತೆಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಕ್ರೇನಿನಿಂದ ಎಳೆದೊಯ್ಯುವುದು ಅವನ ಕೆಲಸ. ಮೊದಲು ಕೋನ್ ಇಡಬೇಕು, ಆಮೇಲೆ ಕೊಕ್ಕೆ ಹಾಕಬೇಕು. ಆದರೆ ಹಿಂದೆ ಹಾರನ್ನಿನ ಬೊಬ್ಬೆ, ಮುಂದೆ ಪೊಲೀಸಿನವನ “ಎಳಿಯಯ್ಯಾ ಬೇಗ!” ಹಾಗಾಗಿ ಕ್ರೇನಿನವರೆಲ್ಲ ಮೊದಲು ಕೊಕ್ಕೆಗೇ ಬಗ್ಗುತ್ತಾರೆ. ಬದಿಗೆ ಗಾಡಿ ನಿಲ್ಲಿಸಲು ಅಂಚಿಲ್ಲದ ಹಳೆಯ ಸೇತುವೆಯ ಮೇಲೆ ಹಾಗೆ ಬಗ್ಗಿದ್ದಾಗಲೇ ಜೊತೆಗಿದ್ದ ಚಿಕ್ಕಪ್ಪನ ಕಾಲಿನ ಮೇಲೆ ವ್ಯಾನು ಹರಿದಿತ್ತು. ಈಗ ತಮ್ಮ ಒಬ್ಬನೇ ಹೋಗುತ್ತಾನೆ. ಹೊಸ ಸೇತುವೆಗಾದರೂ ಬದಿಯಲ್ಲಿ ಖಾಲಿ ಅಂಚಿದೆ. ಗಾಡಿಯನ್ನು ಅದರೊಳಕ್ಕೆ ತಳ್ಳಿಕೊಂಡರೆ ಜೀವಕ್ಕೊಂದಿಷ್ಟು ಜಾಗ.

ಅಕ್ಕನಿಗೆ ರಸ್ತೆ ಯೋಜನೆಯ ಕಚೇರಿಯಲ್ಲಿ ಕಂಪ್ಯೂಟರಿನ ಮೇಲೆ ನಕ್ಷೆ ಬಿಡಿಸುವ ಕೆಲಸ. ಈ ಸಲದ ಯೋಜನೆಯಲ್ಲಿ ಅಪಘಾತ ನಿಭಾಯಿಸುವುದನ್ನೂ ಸೇರಿಸಬೇಕೆಂದು ಪೊಲೀಸರು, ಆಂಬುಲೆನ್ಸಿನವರು, ಕ್ರೇನಿನವರನ್ನೆಲ್ಲ ಅಂದು ಸಭೆಗೆ ಕರೆದಿದ್ದರು.

“ನೀನೂ ಒಂದು ಮಾತು ಹೇಳಕ್ಕ. ನಿಮ್ಮ ಆಫೀಸೇ ತಾನೇ?”

“ಅಲ್ಲಿ ನಾನು ಬರೀ ಬೆರಳು ಕಣೋ. ಹೇಳಿದ ಕಡೆ ಗೆರೆ ಎಳೀತೀನಿ.”

“ಬಾಯೆಲ್ಲಾ ಮನೇಲಿ ನನ್ನ ಮೇಲೇನೇ?”

ಅವಳು ನಗಲಿಲ್ಲ.

ಸಭೆಯಲ್ಲಿ ಅಕ್ಕ ನಕ್ಷೆ ತೆರೆದ ಕಂಪ್ಯೂಟರಿನ ಮುಂದಿದ್ದಳು, ತಮ್ಮ ಕುರ್ಚಿಯ ತುದಿಗೆ ಕೂತಿದ್ದ. ಸರದಿ ಬಂದಾಗ ಎದ್ದು, “ಸಾರ್, ಅಂಚಿದ್ರೆ ನಾವು ಉಳ್ಕೋತೀವಿ,” ಎಂದ. ಮತ್ತೆ ಕೂತ. ಹಿರಿಯ ಇಂಜಿನಿಯರು ತಲೆದೂಗಿದರು. ಕೆಟ್ಟವರಲ್ಲ, ಈ ಯೋಜನೆ ಹೊತ್ತೂ ಹೊತ್ತೂ ಅವರ ಕಣ್ಣ ಕೆಳಗೂ ಚರ್ಮ ಜೋತುಬಿದ್ದಿತ್ತು.

“ನಿಮಗೇಂತಲೇ ಯೋಜನೆ ವರದೀಲಿ ಒಂದು ಇಡೀ ಅಧ್ಯಾಯ ಹಾಕಿದೀವಪ್ಪಾ. ತರಬೇತಿ, ಫೋನ್ ನಂಬರು, ಎಲ್ಲಾ ಇದೆ.”

“ಅಧ್ಯಾಯದೊಳಗೆ ಲಾರಿ ನಿಲ್ಸೋಕಾಗುತ್ತಾ ಸಾರ್?” ಎಂದ ಆಂಬುಲೆನ್ಸಿನ ಚಾಲಕ.

ಎಲ್ಲರೂ ನಕ್ಕರು. ಇಂಜಿನಿಯರೂ ನಕ್ಕರು. ಅಷ್ಟರಲ್ಲಿ ಚಹಾ ಬಂತು.

“ಏನೇ ಅನ್ನಿ, ಸಂಜೆ ದಟ್ಟಣೆಗೆ ಗಾಡಿ ಓಡೋಕೆ ಇನ್ನೊಂದು ಸಾಲು ಬೇಕೇ ಬೇಕು,” ಎಂದರು ಇಂಜಿನಿಯರು ಲೋಟ ಎತ್ತಿಕೊಂಡು. “ಹೊಸ ಸೇತುವೆ ಅಂಚಲ್ಲೂ ಗಾಡಿ ಬಿಡೋಣ. ಆ ಗೆರೆ ಅಳಿಸಮ್ಮ.”

ಗೋಡೆಯ ಪರದೆಯ ಮೇಲೆ ಅಂಚಿನ ಬಿಳಿ ಗೆರೆ ಉದ್ದಕ್ಕೆ ಮಲಗಿತ್ತು. ಅವಳೇ ಎಳೆದದ್ದು. ಒಂದು ಗುಂಡಿ ಒತ್ತಿದರೆ ಮುಗಿಯಿತು. ಉಗುರಿನ ಸಂದಿಯಲ್ಲಿ ಬೆಳಗಿನ ಟಯರಿನ ಮಸಿ ಇನ್ನೂ ಇತ್ತು. ಎಲ್ಲರೂ ಗೋಡೆ ನೋಡುತ್ತಿದ್ದರು. ತಮ್ಮ ಮಾತ್ರ ನೆಲ ನೋಡುತ್ತಿದ್ದ.

“ಏನಮ್ಮಾ, ಹ್ಯಾಂಗ್ ಆಯ್ತಾ?”

“ಇಲ್ಲ ಸಾರ್.” ಅವಳು ಕೈಯನ್ನು ಮೇಜಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. “ಆ ಗೆರೆ ಇರ್ಲಿ ಬಿಡಿ ಸಾರ್.”

ಯಾರೋ ಚಹಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.